ಒಂಟೆ ಹಾಲು: ಹಸಿಯದಾ, ಬಾಟಲಿಯದಾ, ಪುಡಿಯದಾ?

ಸಕ್ಕರೆ ಕಾಯಿಲೆಗೆ ಒಂಟೆ ಹಾಲು ಒಳ್ಳೆಯದು ಎಂಬ ಮಾತು ಮುಂಬೈ ಕಡೆಯ ಡೊಂಬಿವಲಿ, ಮಾಟುಂಗಾದ ನಮ್ಮ ಕನ್ನಡಿಗರಲ್ಲಿ ಈಗ ಜಾಸ್ತಿ ಓಡಾಡುತ್ತಿದೆ. ಕುಡಿಯುವುದಾದರೆ ಯಾವುದು?

ಹಸಿ ಹಾಲು ತಾಜಾ, ನಿಜ. ಆದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಸೋಂಕಿರುವ ಒಂಟೆ ನೋಡಲು ಚೆನ್ನಾಗಿಯೇ ಇರಬಹುದು, ರೋಗಾಣು ಮಾತ್ರ ಹಾಲಿನಲ್ಲಿ ಇಳಿದು ಕುಡಿದವರಿಗೆ ಬಿಟ್ಟು ಬಿಟ್ಟು ಜ್ವರ, ಬೆವರು, ಕೀಲು ನೋವು ತರುತ್ತದೆ, ಟೈಫಾಯಿಡ್ ಇರಬೇಕು ಅಂದುಕೊಂಡು ವಾರಗಟ್ಟಲೆ ಅಲೆಯಬೇಕಾಗಬಹುದು. 2012ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾದ, ಉಸಿರಾಟದ ಕಾಯಿಲೆ ತರುವ ಮರ್ಸ್ ವೈರಸ್ಸೂ ಒಂಟೆಯಿಂದ ಮನುಷ್ಯರಿಗೆ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೇ ಹಸಿ ಒಂಟೆ ಹಾಲು ಬೇಡ ಎನ್ನುತ್ತದೆ. ಕಾಯಿಸಿದರೆ ಗುಣ ಹೋಗುತ್ತದೆ ಅನ್ನುವವರ ಮಾತನ್ನು ಸುಮ್ನೆ ಕೇಳಿ ಬಿಟ್ಟುಬಿಡಿ.

ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡಿದ ಬಾಟಲಿ ಹಾಲು ನನ್ನ ಆಯ್ಕೆ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡ್ ಬಿಸಿಯಾದರೆ ಬ್ರುಸೆಲ್ಲಾ ಸಾಯುತ್ತದೆ. ತೊಂದರೆ ಇರುವುದು ತಂಪಿನಲ್ಲಿ: ಗುಜರಾತಿನ ಕಚ್ಛ್‌ನಿಂದ ಮುಂಬೈಗೆ ಬರುವಷ್ಟರಲ್ಲಿ ಎಲ್ಲಾದರೂ ಬೆಚ್ಚಗಾಗಿದ್ದರೆ ಕೆಡುತ್ತದೆ, ಅದಕ್ಕೇ ಅಂಗಡಿಯ ಫ್ರಿಜ್ ನೋಡಿ ಕೊಳ್ಳಿ.

ಪುಣೆಯಲ್ಲಿ ರೂಮು ಮಾಡಿಕೊಂಡಿರುವವರಿಗೆ ಪುಡಿ ಸಲೀಸು. ದುಬಾರಿ, ಅಲ್ವಾ? ಸಕ್ಕರೆ ಬೆರೆಸಿದ್ದಾರಾ ಅಂತ ಲೇಬಲ್ ಓದಿ, ಒದ್ದೆ ಚಮಚ ಹಾಕಬೇಡಿ.

ಹಸಿ ಹಾಲೇ ಕೈಗೆ ಬಂದಿದ್ದರೆ ಚೆನ್ನಾಗಿ ಕುದಿಸಿ ಕುಡಿಯಿರಿ. ಯಾವುದನ್ನು ಕುಡಿದರೂ ಡಾಕ್ಟರ್ ಕೊಟ್ಟ ಮಾತ್ರೆ, ಇನ್ಸುಲಿನ್ ನಿಲ್ಲಿಸಬೇಡಿ.