ಸ್ಟಾಕ್‌ಚಾರ್ಟ್ಸ್‌ನ 'ಸ್ಕೂಟರ್' ಸ್ಕೋರ್: ವಾಚ್‌ಲಿಸ್ಟನ್ನ ರ‍್ಯಾಂಕ್ ಪ್ರಕಾರ ಜೋಡಿಸಿ ಒಂದು ವರ್ಷ ಆಯ್ತು

ಇಲ್ಲಿ ಅಮೆರಿಕಾದಲ್ಲಿ ನನ್ನ ಥರ ಕೆಲ್ಸದ ಜೊತೆಗೆ ಸ್ವಲ್ಪ ಷೇರು ನೋಡ್ಕೊಳ್ಳೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಷೇರು ಬೆಲೆಯ ಚಾರ್ಟ್ ತೋರಿಸೋ ಸ್ಟಾಕ್‌ಚಾರ್ಟ್ಸ್ ಸೈಟಲ್ಲಿ ಎಸ್‌ಸಿಟಿಆರ್ (ಸ್ಟಾಕ್‌ಚಾರ್ಟ್ಸ್ ಟೆಕ್ನಿಕಲ್ ರ‍್ಯಾಂಕ್) ಅಂತ ಒಂದು ಸ್ಕೋರ್ ಇದೆ, ಬೆಲೆ ಓಟದಲ್ಲಿ ಒಂದು ಸ್ಟಾಕ್ ಬೇರೆಯವಕ್ಕಿಂತ ಎಷ್ಟು ಮುಂದಿದೆ ಅಂತ ಅದು ಹೇಳುತ್ತೆ, ಅವ್ರು ಅದನ್ನ 'ಸ್ಕೂಟರ್' ಅಂತಾನೇ ಕರೀತಾರೆ. 0ಯಿಂದ 99.9ರ ತನಕ ಇರುತ್ತೆ. ಮೆಂಬರ್‌ಶಿಪ್ ತಗೊಂಡ್ರೆ ನೀವು ಕಣ್ಣಿಟ್ಟಿರೋ ಸ್ಟಾಕ್‌ಗಳ ಲಿಸ್ಟನ್ನ (ಅದೇ ವಾಚ್‌ಲಿಸ್ಟ್) ಸೇವ್ ಮಾಡಿ, ಸಮ್ಮರಿಯಲ್ಲಿ ಸ್ಕೋರಿನ ಕಾಲಮ್ ಮೇಲೆ ಒತ್ತಿದ್ರೆ ಸಾಕು, ಇಡೀ ಲಿಸ್ಟ್ ಸ್ಕೋರ್ ಪ್ರಕಾರ ಜೋಡಣೆ ಆಗುತ್ತೆ.

ಇದ್ರಲ್ಲಿ ಏನು ದೊಡ್ಡ ವಿಷ್ಯ ಅನ್ಸ್ಬಹುದು. ಮುಂಚೆ ನನ್ನ 60 ಚಿಲ್ಲರೆ ಸ್ಟಾಕ್ ಎ ಟು ಝಡ್ ಇರ್ತಿತ್ತು, ಮಗಳನ್ನ ಭಾನುವಾರ ಕನ್ನಡ ಕ್ಲಾಸಿಗೆ ಬಿಟ್ಟು ಕಾರಲ್ಲೇ ಕೂತು ನೋಡ್ತಿದ್ದೆ, ಎಎಮ್‌ಡಿ, ಆಪಲ್, ಅಮೆಜಾನ್ ಚಾರ್ಟ್ ಮೇಲೇನೇ ಅರ್ಧ ಗಂಟೆ ಹೋಗ್ತಿತ್ತು, ಕೊನೇಲಿರೋದು ನೋಡೋಷ್ಟ್ರಲ್ಲಿ ಕ್ಲಾಸ್ ಮುಗೀತಿತ್ತು. ಡಬ್ಲ್ಯು ಹತ್ರ ವಾಲ್‌ಮಾರ್ಟ್ ಇತ್ತು ನೋಡಿ, 2024ರಲ್ಲಿ 70 ಪರ್ಸೆಂಟ್‌ಗಿಂತ ಸ್ವಲ್ಪ ಜಾಸ್ತಿನೇ ಏರ್ತು, ನನ್ನ ಲಿಸ್ಟಲ್ಲೇ ಇದ್ರೂ ನಾನು ಅದ್ರ ಚಾರ್ಟನ್ನ ಸರಿಯಾಗಿ ತೆಗೆದು ನೋಡಿರ್ಲಿಲ್ಲ. ಆ ಹೊಟ್ಟೆಕಿಚ್ಚಿಗೇ ಇದನ್ನ ಶುರು ಮಾಡಿದ್ದು.

ಸ್ಕೋರ್ ಹೇಗೆ ಬರುತ್ತೆ ಅನ್ನೋದು ಗೊತ್ತಿರ್ಲೇಬೇಕು. 60 ಪರ್ಸೆಂಟ್ ತೂಕ ಲಾಂಗ್ ಟರ್ಮಿಗೆ: ಬೆಲೆ 200 ದಿನದ ಇಎಮ್‌ಎಗಿಂತ (ಇತ್ತೀಚಿನ ದಿನಗಳಿಗೆ ಜಾಸ್ತಿ ತೂಕ ಕೊಡೋ ಆವರೇಜ್ ಬೆಲೆ) ಎಷ್ಟು ಮೇಲಿದೆ ಅನ್ನೋದಕ್ಕೆ 30, 125 ದಿನದಲ್ಲಿ ಎಷ್ಟು ಏರಿದೆ ಅನ್ನೋದಕ್ಕೆ 30. ಆಮೇಲೆ 50 ದಿನದ ಇಎಮ್‌ಎ ಮತ್ತೆ 20 ದಿನದ ಏರಿಕೆಗೆ 15, 15. ಉಳಿದ 10 ಪರ್ಸೆಂಟ್ ಮಾತ್ರ ಆರ್‌ಎಸ್‌ಐ, ಪಿಪಿಒ ಥರ ಬೆಲೆಯ ವೇಗ ಅಳೆಯೋ ಶಾರ್ಟ್ ಟರ್ಮ್ ಲೆಕ್ಕಗಳಿಗೆ. ಅಂದ್ರೆ ಮೊನ್ನೆ ಎದ್ದ ಸ್ಟಾಕ್ ಇಲ್ಲಿ ಬೇಗ ಮೇಲೆ ಬರಲ್ಲ, ಆರು ತಿಂಗ್ಳಿಂದ ಓಡ್ತಿರೋದು ಬೇಗ ಕೆಳಗೂ ಬರಲ್ಲ.

ಇನ್ನೊಂದು, ಇದು ಮಾರ್ಕ್ಸ್ ಅಲ್ಲ, ರ‍್ಯಾಂಕ್. ನಮ್ಮ ಸಿಇಟಿ ಇದ್ದಂಗೆ, ಪೇಪರ್ ಎಷ್ಟೇ ಕಷ್ಟ ಇದ್ರೂ ಯಾರೋ ಒಬ್ರು ಫಸ್ಟ್ ರ‍್ಯಾಂಕ್ ಬಂದೇ ಬರ್ತಾರಲ್ಲ, ಹಾಗೆ ಮಾರ್ಕೆಟ್ ಪೂರ್ತಿ ಬೀಳ್ತಿದ್ರೂ 99 ಅಂತ ಒಂದು ಇದ್ದೇ ಇರುತ್ತೆ, ಅದು ಬರೀ ಕಮ್ಮಿ ಬಿದ್ದಿರೋದೂ ಆಗಿರ್ಬಹುದು. 2022ರಲ್ಲಿ ಇಲ್ಲಿನ ದೊಡ್ಡ ಕಂಪನಿಗಳ ಇಂಡೆಕ್ಸ್ ಎಸ್ ಆಂಡ್ ಪಿ 500 ಹತ್ರಹತ್ರ 19 ಪರ್ಸೆಂಟ್ ಬಿತ್ತು, ಆದ್ರೆ ಎನರ್ಜಿ ಸೆಕ್ಟರ್ 50ಕ್ಕಿಂತ ಜಾಸ್ತಿ ಏರ್ತು, ಅಂಥ ವರ್ಷದಲ್ಲಿ ಈ ಜೋಡಣೆ ಚೆನ್ನಾಗಿ ಕೆಲ್ಸಕ್ಕೆ ಬರುತ್ತೆ ಯಾಕಂದ್ರೆ ದುಡ್ಡು ಯಾವ ಕಡೆ ಹೋಗ್ತಿದೆ ಅಂತ ಮೇಲಿನ ಹತ್ತು ಹೆಸ್ರು ನೋಡಿದ್ರೇ ತಿಳಿಯುತ್ತೆ.

ಲಾರ್ಜ್ ಕ್ಯಾಪ್, ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ (ಅಂದ್ರೆ ದೊಡ್ಡ, ಮಧ್ಯಮ, ಸಣ್ಣ ಕಂಪನಿಗಳು), ಇಟಿಎಫ್ (ಷೇರಿನ ಥರಾನೇ ಕೊಂಡು ಮಾರೋ ಫಂಡ್) ಎಲ್ಲಕ್ಕೂ ಬೇರೆ ಬೇರೆ ರ‍್ಯಾಂಕ್ ಪಟ್ಟಿ. ಎಲ್ಲಾ ಕಲೆಸಿ ಒಂದೇ ಲಿಸ್ಟಲ್ಲಿ ಹಾಕಿ ಜೋಡಿಸಿದ್ರೆ ಒಂದು ಕ್ಲಾಸಿನ 95 ಪಕ್ಕ ಇನ್ನೊಂದು ಕ್ಲಾಸಿನ 95 ಕೂತಿರುತ್ತೆ, ಎರಡೂ ಒಂದೇ ಅಲ್ಲ. ನಾನೀಗ ಮೂರು ಲಿಸ್ಟ್ ಮಾಡ್ಕೊಂಡಿದೀನಿ.

ತಪ್ಪು ಮಾಡಿ ಕಲ್ತಿದ್ದೂ ಇದೆ. ಶುರೂಲಿ ಲಿಸ್ಟ್ ಟಾಪಲ್ಲಿ 98 ಇದ್ದ ಒಂದು ಸಣ್ಣ ಕಂಪನಿ ತಗೊಂಡೆ, ಚಾರ್ಟ್ ಸರಿಯಾಗಿ ನೋಡ್ಲಿಲ್ಲ, ಅದಾಗ್ಲೇ 200 ದಿನದ ಆವರೇಜಿಂದ ತುಂಬಾ ದೂರ ಹೋಗ್ಬಿಟ್ಟಿತ್ತು. ಮೂರು ವಾರದಲ್ಲಿ 15 ಪರ್ಸೆಂಟ್ ಕೆಳಗೆ, ರ‍್ಯಾಂಕ್ ನೋಡಿದ್ರೆ ಇನ್ನೂ 90ರ ಮೇಲೇ! ತೂಕ ಹಾಕಿರೋ ರೀತಿನೇ ಹಾಗಿದೆ, ಏರಿದ್ದೇ ಸ್ಕೋರ್ ಆಗೋದು. ಅವತ್ತಿಂದ ಟಾಪಲ್ಲಿರೋದಕ್ಕಿಂತ ಮಧ್ಯದಿಂದ ಮೇಲಕ್ಕೆ ಹತ್ತುತ್ತಿರೋದನ್ನ ನೋಡ್ತೀನಿ, 50ರ ಹತ್ರ ಇದ್ದಿದ್ದು ನಾಲ್ಕೈದು ವಾರದಲ್ಲಿ 75 ದಾಟಿದ್ರೆ ಚಾರ್ಟ್ ತೆಗೀತೀನಿ. ಚಾರ್ಟಿನ ಕೆಳಗೇನೇ ಸ್ಕೋರಿನ ಗೆರೆ ಹಾಕ್ಕೋಬಹುದು, ಅದು ನನಗೆ ಕಾಲಮ್‌ಗಿಂತ ಇಷ್ಟ.

ಕಂಪನಿ ಲಾಭ, ಸಾಲ ಯಾವ್ದೂ ಈ ಸ್ಕೋರಲ್ಲಿ ಇಲ್ಲ, ಅದನ್ನ ನೀವೇ ಬೇರೆ ಕಡೆ ನೋಡ್ಬೇಕು. ವರ್ಷಕ್ಕೆ ಎರಡು ಸಲ ಇಂಡೆಕ್ಸ್ ಫಂಡ್ ತಗೊಂಡು ಸುಮ್ನಿರೋರಿಗೆ ಇದು ಬೇಡ್ವೇ ಬೇಡ. ಮೊದ್ಲು ದುಡ್ಡು ಕೊಡದೆ ಅವ್ರ ಫ್ರೀ ಸ್ಕೂಟರ್ ಪಟ್ಟಿ ಒಂದು ತಿಂಗ್ಳು ನೋಡಿ, ನಿಮ್ಮ ಸ್ಟಾಕ್‌ಗಳನ್ನ ಅಲ್ಲಿ ಹುಡುಕೋಕೆ ಬೇಜಾರಾಗೋಕೆ ಶುರು ಆದ್ರೆ ಮೆಂಬರ್‌ಶಿಪ್ ತಗೊಳಿ. ನಾನು ಇನ್ನೊಂದು ವರ್ಷಕ್ಕೆ ರಿನ್ಯೂ ಮಾಡಿದೀನಿ.