"ಡ್ರೈವರ್ ಅಪ್‌ಡೇಟ್ ಮಾಡಬೇಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ

ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ ಎಸ್.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವ ಯೋಚನೆ ಇದ್ದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಅದರಲ್ಲೂ "ಜಿಟಿಎಕ್ಸ್ 1050 ಟಿಐ, 4 ಜಿಬಿ, ನೀಟ್ ಕಂಡೀಷನ್ ಸರ್" ಅಂತ ಯಾರಾದರೂ ಕೈಗೆ ಕೊಟ್ಟರೆ ದಯವಿಟ್ಟು ಓದಿ. ನಮಗೆ 6,500 ರೂಪಾಯಿಗೆ ಕಟ್ಟಿದ್ದು 1050 ಟಿಐ ಅಲ್ಲವೇ ಅಲ್ಲ. ಅದೇ ಕಂಪನಿಯ, 2010ರಲ್ಲಿ ಬಂದ ಹಳೇ ಕಾರ್ಡ್, ಜಿಟಿಎಸ್ 450. ಹಳೇ ಲೂನಾ ಮೇಲೆ ಬುಲೆಟ್ ಸ್ಟಿಕ್ಕರ್ ಅಂಟಿಸಿ ಕೊಟ್ಟಿದ್ದಾರೆ, ಅಷ್ಟೇ.

ಅಂಗಡಿ ಹೆಸರು ಹಾಕಲ್ಲ. ದೂರು ಕೊಟ್ಟಿದ್ದೇನೆ, ಅದು ಒಂದು ದಡ ಮುಟ್ಟಲಿ. ಆ ರೋಡಲ್ಲಿ ಒಳ್ಳೆಯವರೂ ಇದ್ದಾರೆ, ವರ್ಷಗಟ್ಟಲೆ ಅಲ್ಲೇ ಸಾಮಾನು ತಂದಿದ್ದೇನೆ. ಈ ಒಂದು ಅಂಗಡಿಯವನು ಮಾಡಿದ್ದು ಮಾತ್ರ ಮರೆಯೋಕೆ ಆಗ್ತಿಲ್ಲ.

ದುಡ್ಡು ನನ್ನದಲ್ಲ. ಹೆಚ್ಚು ಉರಿಯುತ್ತಿರುವುದು ಅದಕ್ಕೇ. ತಿಪಟೂರಲ್ಲಿ ಅಕ್ಕ ಚೀಟಿ ಎತ್ತಿ ಮಗನಿಗೆ ಅಂತ 30,000 ಕೊಟ್ಟಿದ್ದಳು. ಅವನು ಡಿಪ್ಲೊಮಾ ಓದುತ್ತಿದ್ದಾನೆ. ಗೇಮೂ ಆಡಬೇಕು, ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರೂ ಕಲೀಬೇಕು. "ನೀನು ಬೆಂಗಳೂರಲ್ಲೇ ಇದ್ದೀಯಲ್ಲ, ಜೊತೆಗೆ ಹೋಗಿ ನೋಡಿ ಕೊಡಿಸು" ಅಂದಳು. ಆಯ್ತು ಅಂದೆ. ಈಗ ಅಕ್ಕನ ಫೋನ್ ಬಂದರೆ ಎತ್ತೋಕೇ ಮುಜುಗರ.

ನಮ್ಮ ಲೆಕ್ಕ ಸರಳವಾಗಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಯಾವ ಥರ ಏರಿದೆ ಅಂತ ನಿಮಗೂ ಗೊತ್ತು. 30 ಸಾವಿರದಲ್ಲಿ ಹೊಸ ಥರದ ಡಿಡಿಆರ್5 ರ‍್ಯಾಮ್ ಕಡೆ ತಿರುಗಿ ನೋಡುವ ಹಾಗಿಲ್ಲ. ಅದಕ್ಕೇ ಹಳೇ ಥರದ ಡಿಡಿಆರ್3 ಹಾಕುವ ನಾಲ್ಕನೇ ಜನರೇಷನ್ ಐ5 ಪ್ರೊಸೆಸರ್ ಸೆಟ್, ಹೊಸ ಎಸ್‌ಎಸ್‌ಡಿ ಒಂದು, ಕ್ಯಾಬಿನೆಟ್, ಜೊತೆಗೆ ಸೆಕೆಂಡ್ಸ್ ಕಾರ್ಡ್ ಅಂತ ಮಾತಾಡಿಕೊಂಡು ಹೋದೆವು. ಮಾನಿಟರ್ ಮನೆಯಲ್ಲೇ ಇತ್ತು, ಹಳೇ ವಿಜಿಎ ಮಾನಿಟರ್.

ಅಂಗಡಿಯವನು ಬಹಳ ಮರ್ಯಾದೆಯಿಂದ ಮಾತಾಡಿದ. ಟೀ ತರಿಸಿದ. ಸೆಟ್ ಜೋಡಿಸಿ ನಮ್ಮ ಮುಂದೆಯೇ ಆನ್ ಮಾಡಿದ. ಡಿವೈಸ್ ಮ್ಯಾನೇಜರ್ ತೆಗೆದು ತೋರಿಸಿದ, ಎನ್‌ವಿಡಿಯಾ ಜಿಫೋರ್ಸ್ ಜಿಟಿಎಕ್ಸ್ 1050 ಟಿಐ ಅಂತ ಸ್ಪಷ್ಟವಾಗಿ ಬಂತು. ಮೆಮೊರಿ 4 ಜಿಬಿ ಅಂತಲೂ ಬಂತು. ಜಿಟಿಎ 5 ಗೇಮ್ ಹಾಕಿ ಸ್ವಲ್ಪ ಹೊತ್ತು ಕಾರು ಓಡಿಸಿದ. ಸೆಟ್ಟಿಂಗ್ಸ್ ಎಲ್ಲಾ ತಳಮಟ್ಟಕ್ಕೆ ಇಳಿಸಿಟ್ಟಿದ್ದ ಅನ್ನುವುದು ಆಮೇಲೆ ಗೊತ್ತಾಯಿತು. ನಾವು ನೋಡಿದ್ದು ಕಾರು ಓಡಿದ್ದನ್ನ.

ಈಗ ನೆನೆಸಿಕೊಂಡರೆ ಅವನು ಹೇಳಿದ ಒಂದೊಂದು ಮಾತಿನಲ್ಲೂ ವಿಷಯ ಇತ್ತು.

ಕಾರ್ಡ್ ಹಿಂದೆ ವಿಜಿಎ ಪೋರ್ಟ್ ಇತ್ತು. ನೀಲಿ ಬಣ್ಣದ್ದು, 15 ತೂತಿನದು. ಅದನ್ನೇ ದೊಡ್ಡ ಗುಣ ಅನ್ನೋ ಹಾಗೆ ತೋರಿಸಿದ. "ನೋಡಿ ಸರ್, ನಿಮ್ಮ ಹಳೇ ಮಾನಿಟರ್‌ಗೆ ಡೈರೆಕ್ಟ್ ಹಾಕಬಹುದು. ಕನ್ವರ್ಟರ್ ದುಡ್ಡು ಉಳೀತು." ನಮಗೂ ಖುಷಿಯಾಯಿತು! ಅಸಲು ವಿಷಯ ಏನಪ್ಪಾ ಅಂದರೆ, 1050 ಟಿಐ ಒಳಗಿರೋದು ಪಾಸ್ಕಲ್ ಅನ್ನೋ ತಲೆಮಾರಿನ ಚಿಪ್. ಎನ್‌ವಿಡಿಯಾ ಆ 10 ಸೀರೀಸ್‌ನಿಂದಲೇ ಅನಲಾಗ್ ಔಟ್‌ಪುಟ್, ಅಂದರೆ ವಿಜಿಎಗೆ ಬೇಕಾದ ಸಿಗ್ನಲ್, ತೆಗೆದುಹಾಕಿದೆ. ಆ ಕಾರ್ಡಲ್ಲಿ ನೀಲಿ ಪೋರ್ಟ್ ಕಂಡರೆ ಅಲ್ಲೇ ಅನುಮಾನ ಪಡಬೇಕು. ನಮಗೆ ಅದೇ ಆಫರ್ ಥರ ಮಾರಿದ.

ಆಮೇಲೆ ಪವರ್. ಕಾರ್ಡ್‌ಗೆ 6 ಪಿನ್ ಕನೆಕ್ಟರ್ ಇತ್ತು. ಮಾಮೂಲಿ 1050 ಟಿಐ 75 ವ್ಯಾಟ್‌ನದು, ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ಪವರ್ ತಗೊಳ್ಳುತ್ತೆ. ಕೆಲವು ಕಂಪನಿಯವರು 6 ಪಿನ್ ಕೊಟ್ಟಿದ್ದು ಉಂಟು, ಹಾಗಾಗಿ ಇದೊಂದೇ ನೋಡಿ ನಕಲಿ ಅನ್ನೋಕಾಗಲ್ಲ. ಜಿಟಿಎಸ್ 450ಗೆ ಮಾತ್ರ 106 ವ್ಯಾಟ್ ಬೇಕು, 6 ಪಿನ್ ಇಲ್ಲದೆ ಆಗಲ್ಲ.

ಮೂರನೇದು, ಡ್ರೈವರ್ ಬಗ್ಗೆ, ಅಂದರೆ ಕಾರ್ಡ್ ಓಡಿಸುವ ಸಾಫ್ಟ್‌ವೇರ್ ಬಗ್ಗೆ, ಹೊರಡುವಾಗ ಹೇಳಿದ ಮಾತು. "ಸರ್, ಡ್ರೈವರ್ ಮಾತ್ರ ಅಪ್‌ಡೇಟ್ ಮಾಡಬೇಡಿ. ಹೊಸ ಡ್ರೈವರಲ್ಲಿ ಪ್ರಾಬ್ಲಂ ಇದೆ. ಮಾಡಿದರೆ ವಾರಂಟಿ ಕ್ಯಾನ್ಸಲ್." ಎಷ್ಟು ಕಾಳಜಿ ನೋಡಿ! ಅಪ್‌ಡೇಟ್ ಮಾಡಿದರೆ ಅವನ ಬಂಡವಾಳ ಬಯಲಾಗುತ್ತೆ ಅಂತ ಅವನಿಗೆ ಮುಂಚೆಯೇ ಗೊತ್ತು. ಗೊತ್ತಿದ್ದೇ ಮಾರಿದ್ದಾನೆ. ಗೊತ್ತಿಲ್ಲದೆ ಆದ ಎಡವಟ್ಟು ಅಂತ ಆಮೇಲೆ ಅಂದನಲ್ಲ, ಗೊತ್ತಿಲ್ಲದಿದ್ದರೆ ಈ ಮಾತು ಯಾಕೆ ಹೇಳಬೇಕಿತ್ತು?

ಬಿಲ್ ವಿಷಯ ಕೇಳಿದಾಗ ಎಂದಿನ ರಾಗ. "ಜಿಎಸ್‌ಟಿ ಬಿಲ್ ಬೇಕಾ ಸರ್? ಶೇ. 18 ಮೇಲೆ ಬೀಳುತ್ತೆ." ಬಜೆಟ್ ಟೈಟ್ ಇದ್ದವರಿಗೆ ಈ ಮಾತು ಹೇಗೆ ಕೇಳಿಸುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಕೊನೆಗೆ ಕೈಗೆ ಬಂದಿದ್ದು "ಎಸ್ಟಿಮೇಟ್" ಅಂತ ಮೇಲೆ ಅಚ್ಚಾದ ತೆಳು ಗುಲಾಬಿ ಚೀಟಿ. ಅದರಲ್ಲಿ ಬರೆದಿದ್ದು ಇಷ್ಟೇ: "ಗ್ರಾಫಿಕ್ ಕಾರ್ಡ್ 4 ಜಿಬಿ, 1 ನಂ., ಟೆಸ್ಟಿಂಗ್ ವಾರಂಟಿ 7 ದಿನ." ಮಾಡೆಲ್ ಹೆಸರೇ ಇಲ್ಲ. ಸೀರಿಯಲ್ ನಂಬರ್ ಇಲ್ಲ. ಎಸ್‌ಎಸ್‌ಡಿಗೆ ಮಾತ್ರ ಕಂಪನಿ ಹೆಸರು, ಸೈಜು, ಸೀರಿಯಲ್ ಎಲ್ಲಾ ಬರೆದಿದ್ದ. ಕಾರ್ಡ್‌ಗೆ ಬರೆದಿಲ್ಲ. ಎಷ್ಟು ಹುಷಾರು ನೋಡಿ.

ಹುಡುಗ ತಿಪಟೂರಿಗೆ ತಗೊಂಡು ಹೋದ. ಮಾರನೇ ದಿನವೇ ಫೋನ್. "ಮಾಮ, ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗುತ್ತೆ." ರೆಸಲ್ಯೂಷನ್ ಸ್ವಲ್ಪ ಏರಿಸಿದರೆ ರೋಡು, ಗೋಡೆ ಎಲ್ಲಾ ಮಾಯ, ಆಮೇಲೆ ಹ್ಯಾಂಗ್. ಕೇಬಲ್ ನೋಡು, ರ‍್ಯಾಮ್ ತೆಗೆದು ಹಾಕು, ವಿಂಡೋಸ್ ಇನ್ನೊಂದು ಸಲ ಹಾಕು ಅಂತ ಇಲ್ಲಿಂದಲೇ ಸುಮ್ನೆ ಬುದ್ಧಿ ಹೇಳಿದೆ. ಅವನು ಎಲ್ಲಾ ಮಾಡಿದ. ಕೊನೆಗೆ ಎನ್‌ವಿಡಿಯಾ ಸೈಟಿನಿಂದ ಡ್ರೈವರ್ ಇಳಿಸಿ ಹಾಕಿದ. ರೀಸ್ಟಾರ್ಟ್ ಆದ ಮೇಲೆ ಡಿಸ್‌ಪ್ಲೇನೇ ಇಲ್ಲ.

ಆ ರಾತ್ರಿ ಅವನು ಸೇಫ್ ಮೋಡ್‌ನಲ್ಲಿ ಡ್ರೈವರ್ ಕಿತ್ತು, ಹಳೇದು ಹಾಕಿ, ಕಾರ್ಡ್ ವಿವರ ತೋರಿಸುವ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ಓಡಿಸಿ ವಾಟ್ಸಾಪಲ್ಲಿ ಫೋಟೋ ಕಳಿಸಿದ. ಪುಟ್ಟ ಕಿಟಕಿ, ಬೂದು ಬಣ್ಣದ ಡಬ್ಬಿಗಳು. ಮೊದಲ ಸಾಲಲ್ಲಿ ಕಾರ್ಡ್ ಹೆಸರಿಗೆ ಮುಂಚೆಯೇ ಬ್ರಾಕೆಟ್ ಒಳಗೆ ದೊಡ್ಡ ಅಕ್ಷರದಲ್ಲಿ "ಫೇಕ್" ಅಂತ ಇತ್ತು. ಆಮೇಲೆ 1050 ಟಿಐ. ಕೆಳಗೆ ಟೆಕ್ನಾಲಜಿ, ಅಂದರೆ ಚಿಪ್ ತಯಾರಿಯ ಅಳತೆ, 40 ಎನ್‌ಎಂ (ನ್ಯಾನೋಮೀಟರ್). ಅಸಲಿ 1050 ಟಿಐ 14 ಎನ್‌ಎಂ. ಶೇಡರ್ಸ್, ಅಂದರೆ ಚಿಪ್ ಒಳಗೆ ಚಿತ್ರದ ಲೆಕ್ಕ ಮಾಡುವ ಘಟಕಗಳು, ಆ ಜಾಗದಲ್ಲಿ 192. ಇರಬೇಕಾದದ್ದು 768. ಚಿಪ್ ಹೆಸರು ಜಿಎಫ್106, ಜಿಟಿಎಸ್ 450ರದ್ದು.

ಫೋಟೋ ಕೆಳಗೆ ಹುಡುಗ ಒಂದೇ ಸಾಲು ಬರೆದಿದ್ದ. "ಮಾಮ, ಅಮ್ಮಂಗೆ ಹೇಳಬೇಡಿ."

ಕೈಕಾಲೇ ಆಡಲಿಲ್ಲ. ನಾನು ಕೊಡಿಸಿದ್ದು, ನಾನು ಪಕ್ಕದಲ್ಲಿ ನಿಂತು ಚೌಕಾಸಿ ಮಾಡಿ 500 ಇಳಿಸಿದೆ ಅಂತ ಬೀಗಿದ್ದು, ಹುಡುಗ ನನ್ನ ಮರ್ಯಾದೆ ಉಳಿಸೋಕೆ ನೋಡ್ತಿದ್ದಾನೆ.

ಇದು ಹೊಸ ಮೋಸವೂ ಅಲ್ಲವಂತೆ. ಜಿಟಿಎಸ್ 450 ಥರದ, ಫರ್ಮಿ ಅನ್ನೋ ಹಳೇ ತಲೆಮಾರಿನ ಚಿಪ್ ಇರುವ ಕಾರ್ಡ್ ತಗೊಂಡು ಅದರ ಬಯೋಸ್ (ಕಾರ್ಡ್ ಒಳಗೇ ಇರುವ ಸಣ್ಣ ಪ್ರೋಗ್ರಾಂ) ಒಳಗೆ ಹೆಸರು, ಮೆಮೊರಿ ಎಲ್ಲಾ ತಿದ್ದಿಬಿಡುತ್ತಾರೆ. ವಿಂಡೋಸ್ ಅದನ್ನೇ ನಂಬುತ್ತೆ, ನಮಗೂ ಅದನ್ನೇ ತೋರಿಸುತ್ತೆ. ಒಳಗೆ ಇರುವುದು 1 ಜಿಬಿ ಮೆಮೊರಿ. ಗೇಮ್ ಅದನ್ನು ದಾಟಿ ಕೇಳಿದ ಕ್ಷಣ ಕಾರ್ಡ್ ಕೈ ಎತ್ತುತ್ತೆ. ಅಂಗಡಿಯಲ್ಲಿ ಸೆಟ್ಟಿಂಗ್ಸ್ ತಳಮಟ್ಟದಲ್ಲಿ ಯಾಕಿತ್ತು ಅಂತ ಈಗ ಗೊತ್ತಾಯಿತಲ್ವಾ? ಫರ್ಮಿ ಕಾರ್ಡ್‌ಗಳಿಗೆ ಎನ್‌ವಿಡಿಯಾ 2018ರಲ್ಲೇ ಹೊಸ ಗೇಮ್ ಡ್ರೈವರ್ ನಿಲ್ಲಿಸಿದೆ. ಅದಕ್ಕೇ ಅಪ್‌ಡೇಟ್ ಮಾಡಿದ ಕೂಡಲೇ ಕಥೆ ಮುಗೀತು. ಜಿಪಿಯು-ಝಡ್ ಇಂಥ ನಕಲಿಗಳನ್ನು ಹಿಡಿಯೋಕೆ ಶುರು ಮಾಡಿದ್ದೂ 2018ರಲ್ಲೇ. ಅಂದರೆ ವರ್ಷಗಳಿಂದ ನಡೆಯುತ್ತಿರೋ ದಂಧೆ. ನಮ್ಮ ಪಾಲಿಗೆ ಈಗ ಬಂತು.

ಈಗ ಅವನ ಉತ್ತರಗಳನ್ನು ಕೇಳಿ. ನನಗೆ ಕಾರ್ಡ್‌ಗಿಂತ ಇವೇ ಜಾಸ್ತಿ ಚುಚ್ಚಿದ್ದು.

ಏಳು ದಿನದ ಒಳಗೇ ಫೋನ್ ಮಾಡಿದೆ. ಮೊದಲು, "ನಿಮ್ಮ ಊರಲ್ಲಿ ವೋಲ್ಟೇಜ್ ಪ್ರಾಬ್ಲಂ ಇರುತ್ತೆ ಸರ್, ಯುಪಿಎಸ್ ಹಾಕಿ." ವೋಲ್ಟೇಜ್ ಕಡಿಮೆ ಆದರೆ 768 ಹೋಗಿ 192 ಆಗುತ್ತಾ? ಫೋಟೋ ಕಳಿಸಿದೆ. "ಆ ಸಾಫ್ಟ್‌ವೇರ್ ಎಲ್ಲಾ ಸುಳ್ಳು ತೋರಿಸುತ್ತೆ ಸರ್, ನಾವು 20 ವರ್ಷದಿಂದ ಈ ಫೀಲ್ಡಲ್ಲಿ ಇದ್ದೀವಿ." ಸರಿ, ತಂದು ತೋರಿಸುತ್ತೇನೆ ಅಂದೆ. "ಸೋಮವಾರ ಬನ್ನಿ." ಸೋಮವಾರ ಹೋದರೆ, "ಓನರ್ ಊರಲ್ಲಿಲ್ಲ, ಗುರುವಾರ ಬನ್ನಿ." ಗುರುವಾರ ಹೋದರೆ ಗುಲಾಬಿ ಚೀಟಿ ನೋಡಿ ತಲೆ ಅಲ್ಲಾಡಿಸಿದ. "ಟೆಸ್ಟಿಂಗ್ ವಾರಂಟಿ ಮುಗಿದಿದೆ ಸರ್."

ಅಲ್ಲ ಸ್ವಾಮಿ, ಮುಗಿಯೋ ತನಕ ಅಲೆದಾಡಿಸಿದ್ದು ಯಾರು?

ಚೀಟಿಯಲ್ಲಿ 1050 ಟಿಐ ಅಂತ ಎಲ್ಲಿದೆ ತೋರಿಸಿ ಅಂದ. ಗ್ರಾಫಿಕ್ ಕಾರ್ಡ್ ಅಂತ ಬರೆದಿದ್ದೀವಿ, ಗ್ರಾಫಿಕ್ ಕಾರ್ಡೇ ಕೊಟ್ಟಿದ್ದೀವಿ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ನಕ್ಕ. ಆಮೇಲೆ ರಾಗ ಬದಲಾಯಿಸಿ, "ನಾನೂ ಬೇರೆಯವರ ಹತ್ತಿರ ತಂದಿದ್ದು ಸರ್, ನನಗೇನು ಗೊತ್ತು" ಅಂದ. ಕೊನೆಗೆ, "ಇಷ್ಟು ದುಡ್ಡಿಗೆ ಇನ್ನೇನ್ ಸರ್ ಬೇಕು ನಿಮಗೆ?"

ಇಷ್ಟು ದುಡ್ಡು! ಅಕ್ಕ ತಿಂಗಳು ತಿಂಗಳು ಕಟ್ಟಿದ ಚೀಟಿ ಅದು.

ನಾನು ದನಿ ಏರಿಸಿದ ಮೇಲೆ ಒಳಗಿಂದ ಓನರ್ರೇ ಬಂದರು. ಊರಲ್ಲಿಲ್ಲದ ಓನರ್! "ಜಗಳ ಯಾಕೆ ಸರ್, ಇನ್ನು 3,000 ಹಾಕಿ, ಆರ್‌ಎಕ್ಸ್ 580 ಕೊಡ್ತೀನಿ, 8 ಜಿಬಿ." ಈ ಸಲ ಜಿಪಿಯು-ಝಡ್ ಪೆನ್‌ಡ್ರೈವಲ್ಲೇ ಇತ್ತು. ಅಲ್ಲೇ ಹಾಕಿಸಿ ಓಡಿಸಿದೆ. ಶೇಡರ್ಸ್ 2048. ಎಎಂಡಿ 2017ರಲ್ಲಿ ಬಿಟ್ಟ ಅಸಲಿ 580ಗೆ 2304 ಇರುತ್ತೆ. 2018ರಲ್ಲಿ ಚೀನಾ ಮಾರ್ಕೆಟ್‌ಗೆ ಅಂತ 2048ಎಸ್‌ಪಿ ಅನ್ನೋ ಇನ್ನೊಂದು ಬಂತು. ಹೆಸರು 580, ಶೇಡರ್ ಲೆಕ್ಕ ಅದಕ್ಕಿಂತ ಕೆಳಗಿನ 570ರದ್ದು. ಕೇಳಿದ್ದಕ್ಕೆ ಓನರ್ ಉತ್ತರ: "2048 ಅಂದ್ರೆ ಹೊಸ ಮಾಡೆಲ್ ಸರ್."

ಅದು ನಕಲಿ ಕಾರ್ಡ್ ಏನಲ್ಲ, ಬೆಲೆ ಸರಿ ಇದ್ದರೆ ಓಡುತ್ತೆ ಕೂಡ. 570 ಬೆಲೆಗೆ ಕೊಡಲಿ, ತಗೊಳ್ಳೋಣ. ಆದರೆ ಫ್ಯಾನ್ ತಿರುಗಿಸಿ ನೋಡಿದರೆ ಒಂದು ಕಡೆ ಅಲ್ಲಾಡುತ್ತಿತ್ತು. ಸ್ಕ್ರೂ ಮೇಲಿನ ಸೀಲ್ ಹರಿದಿತ್ತು. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ಅನ್ನೋ ಕ್ರಿಪ್ಟೋ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಗಳಿಸೋ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದ ಇಂಥ ಕಾರ್ಡ್‌ಗಳು ಎಷ್ಟು ಬಂದವು ಅಂತ ಈ ಸಾಮಾನು ತಗೊಳ್ಳೋರಿಗೆ ಹೇಳಬೇಕಾಗಿಲ್ಲ. ಬೇಡ ಅಂದೆ.

ಇನ್ನೊಂದು ವಿಷಯ. ಅವರು ಹಾಕಿಕೊಟ್ಟ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಪವರ್ ಕೊಡುವ ಡಬ್ಬಿ) ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಇದೆ. ಸ್ಟಿಕ್ಕರ್ ಓದಿದರೆ 12 ವೋಲ್ಟ್ ಲೈನಲ್ಲಿ 16 ಆಂಪ್ಸ್. ಗುಣಿಸಿ ನೋಡಿ, 192 ವ್ಯಾಟ್. ಆರ್‌ಎಕ್ಸ್ 580 ಒಂದೇ 185 ವ್ಯಾಟ್ ಕೇಳುತ್ತೆ. ಪ್ರೊಸೆಸರ್, ಫ್ಯಾನ್, ಎಲ್ಲಕ್ಕೂ ಸೇರಿ ಉಳಿಯೋದು 7 ವ್ಯಾಟ್. ನಾಲ್ಕನೇ ಜನರೇಷನ್ ಐ5 ಒಂದಕ್ಕೇ 84 ಬೇಕು. ಅದೇ ಸೆಟ್‌ಗೆ ಆ ಕಾರ್ಡ್ ಹಾಕಿಕೊಡ್ತೀನಿ ಅಂತ ಓನರ್ ಹೇಳಿದ್ದು. ಮನೆಗೆ ಬೆಂಕಿ ಬೀಳಲಿಲ್ಲ, ಪುಣ್ಯ.

ಸೆಕೆಂಡ್ಸ್ ತಗೊಳ್ಳೋರು ಇಷ್ಟಾದರೂ ಮಾಡಿ. ಪೆನ್‌ಡ್ರೈವಲ್ಲಿ ಜಿಪಿಯು-ಝಡ್ ಇಟ್ಟುಕೊಂಡು ಹೋಗಿ, ಚಿಕ್ಕ ಫೈಲು, ಪುಕ್ಕಟೆ. ದುಡ್ಡು ಕೊಡುವ ಮುಂಚೆ ಅವರ ಮುಂದೆಯೇ ಓಡಿಸಿ, ಶೇಡರ್ ಸಂಖ್ಯೆ ತಾಳೆ ನೋಡಿ. ಕಂಪನಿ ಸೈಟಿನ ಡ್ರೈವರ್ ಅಲ್ಲೇ ಹಾಕಿಸಿ, ಬೇಡ ಅಂದರೆ ಕಾರ್ಡ್ ಅಲ್ಲೇ ಇಟ್ಟು ಬನ್ನಿ. ಬಿಲ್‌ನಲ್ಲಿ ಪೂರ್ತಿ ಮಾಡೆಲ್ ಹೆಸರು ಬರೆಸಿ. ಟೀ ಕೊಟ್ಟರೆ ಕುಡಿಯಿರಿ, ನಂಬಬೇಡಿ.

ದೂರಿನ ಕಥೆ: 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರುವುದೂ, ದೋಷ ಇರುವ ಸಾಮಾನು ವಾಪಸ್ ತಗೊಳ್ಳಲ್ಲ ಅನ್ನೋದೂ ಅನುಚಿತ ವ್ಯಾಪಾರ. ಬಿಲ್‌ನಲ್ಲಿ ಗಡುವು ಬರೆಯದೇ ಇದ್ದರೆ 30 ದಿನದೊಳಗೆ ವಾಪಸ್ ತಗೊಳ್ಳಬೇಕು. ಇಲ್ಲಿ ನನಗೆ ಅಡ್ಡ ಬರುತ್ತಿರುವುದು ಆ ಟೆಸ್ಟಿಂಗ್ ವಾರಂಟಿ ಅನ್ನೋ ಸಾಲು. ಆದರೆ ಏಳು ದಿನದ ಒಳಗೆ ಕಳಿಸಿದ ಫೋಟೋ, ಅದರ ನೀಲಿ ಟಿಕ್, "ಸೋಮವಾರ ಬನ್ನಿ" ಅನ್ನೋ ಮೆಸೇಜು ಎಲ್ಲಾ ನನ್ನ ಹತ್ತಿರ ಇದೆ. ದುಡ್ಡು ಕೊಟ್ಟಿದ್ದು ಯುಪಿಐನಲ್ಲಿ, ಅದೂ ಇದೆ. ಒಪ್ಪಲಿಲ್ಲ ಅಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗೆ ಫೀಸ್ ಇಲ್ಲ, ಆನ್‌ಲೈನಲ್ಲೇ ಹಾಕಬಹುದು.

ಸಹಾಯವಾಣಿಯ ದೂರು ಹೋದ ಮೇಲೆ ಓನರ್ ಫೋನ್ ಮಾಡಿದ್ದರು. ಮೊದಲ ಸಲ ಅವರಾಗೇ. "ಕಾರ್ಡ್ ತಂದುಕೊಟ್ಟು ಹೋಗಿ ಸರ್, 2,500 ಕೊಡ್ತೀನಿ, ಮುಗಿಸೋಣ." ಪೂರ್ತಿ 6,500 ಬಾರದೆ ಕಾರ್ಡ್ ಕೊಡಲ್ಲ ಅಂದಿದ್ದೇನೆ. ಕೊಟ್ಟರೆ ಅದು ಸೀದಾ ಮತ್ತೆ ಶೋಕೇಸ್‌ಗೆ ಹೋಗುತ್ತೆ, ಇನ್ಯಾರದೋ ಮಗನಿಗೆ ನೀಲಿ ಪೋರ್ಟ್ ತೋರಿಸಿ ಕನ್ವರ್ಟರ್ ದುಡ್ಡು ಉಳೀತು ಅನ್ನುತ್ತಾರೆ. ಅಕ್ಕನಿಗೆ ಇನ್ನೂ ಹೇಳಿಲ್ಲ. ನಿಮ್ಮಲ್ಲಿ ಯಾರಿಗಾದರೂ ಇದೇ ಥರ ಕಾರ್ಡ್ ಬಂದಿದ್ದರೆ ಹಿಂಬದಿಯ ಸ್ಟಿಕ್ಕರ್ ಕೀಳಬೇಡಿ, ಎರಡೂ ಕಡೆ ಫೋಟೋ ತೆಗೆದಿಟ್ಟು ಇವತ್ತೇ 1915ಕ್ಕೆ ಫೋನ್ ಮಾಡಿ.