ಐದು ಮೇಳ, ಒಂದೇ ಆಯೋಜಕರು: ಸ್ಟಾಲ್ ಹಾಕಿದವನ ಅನುಭವ

ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ಹಾಳೆ ತಟ್ಟೆ ಮಾಡುವ ಸಣ್ಣ ಘಟಕ. ಬೆಂಗಳೂರಿನ ಒಂದು ಪ್ಯಾಕೇಜಿಂಗ್ ಮೇಳದಲ್ಲಿ 2019ರಿಂದ ಐದು ಸಲ ಸ್ಟಾಲ್ ಹಾಕಿದ್ದೇವೆ. ಪ್ರತಿ ಸಲವೂ ಅದೇ ಆಯೋಜಕರು. ಹೆಸರು ಬೇಡ ಬಿಡಿ. ಅವರಿಗೆ ನಾನು ಕೊಡುವುದು ಐದಕ್ಕೆ ಮೂರು ಸ್ಟಾರ್.

ನಾವು ತಗೊಳ್ಳುವುದು 9 ಚದರ ಮೀಟರ್. ಮೂರು ಕಡೆ ಬಿಳಿ ಪ್ಯಾನೆಲ್, ಮೇಲೆ ಹೆಸರಿನ ಪಟ್ಟಿ, ಒಂದು ಟೇಬಲ್, ಎರಡು ಕುರ್ಚಿ, ಮೂರು ಲೈಟು, ಒಂದು ಪ್ಲಗ್. ಬಾಡಿಗೆ ಮೇಲೆ 18% ಜಿಎಸ್‌ಟಿ. ಮೂಲೆ ಸ್ಟಾಲ್‌ಗೆ ಜಾಸ್ತಿ. ಇನ್ನೊಂದು ಕುರ್ಚಿ ಕೇಳಿದರೆ ಅದಕ್ಕೂ ಬಿಲ್. ಮೂರು ದಿನದ ಆ ಬಾಡಿಗೆಗೆ ನಮ್ಮೂರಲ್ಲಿ ಕುರ್ಚಿಯನ್ನೇ ಕೊಳ್ಳಬಹುದು!

2020ರಲ್ಲಿ ಕೊರೋನಾದಿಂದ ಮೇಳ ನಿಂತಿತು. ಮುಂಗಡ ವಾಪಸ್ ಬರಲಿಲ್ಲ, 2022ರ ಸ್ಟಾಲ್‌ಗೆ ಜಮೆಯಾಯಿತು. ಬೇಜಾರಾಗಿತ್ತು. ಆದರೆ ಆ ಮೇಳವೇ ನಮ್ಮ ಕೈ ಹಿಡಿಯಿತು. ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧವಾಗಿತ್ತು ನೋಡಿ, ಜನ ಮುಗಿಬಿದ್ದರು. ಹುಬ್ಬಳ್ಳಿಯ ಅಡುಗೆ ಕಾಂಟ್ರಾಕ್ಟರೊಬ್ಬರು ತಟ್ಟೆ ಮೂಸಿ ನೋಡಿದರು. ಊಟದ ಕೌಂಟರ್‌ನಿಂದ ಬಿಸಿ ಸಾಂಬಾರ್ ತರಿಸಿ ಸುರಿದು, ಹತ್ತು ನಿಮಿಷ ಬಿಟ್ಟು ತಳ ಸವರಿದರು. ಕೈ ಒದ್ದೆಯಾಗಲಿಲ್ಲ. ಅವರು ಇವತ್ತಿಗೂ ನಮ್ಮ ಗಿರಾಕಿ.

2023ರಲ್ಲಿ ಹಣ ಕಟ್ಟಿ ಎರಡು ತಿಂಗಳಾದ ಮೇಲೆ ಫೋನ್ ಬಂತು. "ಸಾರ್, ಹಾಲ್ ಲೇಔಟ್ ಸ್ವಲ್ಪ ಚೇಂಜ್ ಆಗಿದೆ." ಹೊಸ ಜಾಗದ ಮುಂದೆ ನಕ್ಷೆಯಲ್ಲಿ ಒಂದು ಕಪ್ಪು ಚುಕ್ಕೆ. ಹೋಗಿ ನೋಡಿದರೆ ಇಬ್ಬರು ತಬ್ಬಿದರೂ ಕೈ ಸೇರದಷ್ಟು ದಪ್ಪದ ಕಂಬ. ಜಗಳಕ್ಕೆ ಹೋದೆ. ಅರ್ಜಿಯ ಹಿಂದಿನ ಸಣ್ಣಕ್ಷರ ತೋರಿಸಿದರು: ಜಾಗ ಬದಲಿಸುವ ಹಕ್ಕು ಅವರದೇ. ಓದದೆ ಸಹಿ ಹಾಕಿದ್ದು ನನ್ನ ತಪ್ಪೇ, ಅಲ್ವಾ?

ಹಾಲ್‌ನಲ್ಲಿ ಓಡಾಡುವ ಹುಡುಗರು ಮಾತ್ರ ಚಿನ್ನ. ಹೆಸರಿನ ಪಟ್ಟಿಯಲ್ಲಿ 'ಹಾಳೆ' ಹೋಗಿ 'ಹಳೆ ತಟ್ಟೆ' ಅಂತಾಗಿತ್ತು. ಅರ್ಧ ಗಂಟೆಯಲ್ಲಿ ಬದಲಿಸಿದರು.

ನನ್ನ ನಿಜವಾದ ತಕರಾರು ಮೂರನೇ ದಿನದ್ದು. ಮೇಳ ಮುಗಿದಿರುವುದಿಲ್ಲ, ಒಂದು ಆರ್ಡರ್ ಕೂಡ ಖಚಿತವಾಗಿರುವುದಿಲ್ಲ. ಮಧ್ಯಾಹ್ನವೇ ಆಯೋಜಕರು ಮುಂದಿನ ವರ್ಷದ ನಕ್ಷೆ ಹಿಡಿದು ಬರುತ್ತಾರೆ. ಇವತ್ತೇ ಬುಕ್ ಮಾಡಿದರೆ ರಿಯಾಯಿತಿ, ಇಲ್ಲದಿದ್ದರೆ ಒಳ್ಳೆ ಜಾಗ ಹೋಯಿತು. ಎಷ್ಟು ಸಾವಿರ ಜನ ಬಂದರು ಅಂತ ಪಟ್ಟಿ ಓದುತ್ತಾರೆ. ಅದರಲ್ಲಿ ಚೀಲ ಹಿಡಿದು ಸುಮ್ನೆ ಸ್ಯಾಂಪಲ್ ಒಟ್ಟು ಮಾಡಿಕೊಂಡು ಹೋದವರೂ ಸೇರಿದ್ದಾರೆ. ಖರೀದಿ ಮಾಡುವವರು ಎಷ್ಟು ಜನ ಅಂದರೆ ಉತ್ತರವಿಲ್ಲ. 2025ರ ಮೇನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಇವರು ಆಮೇಲೂ ಕಳಿಸಿದ್ದು ಅದೇ ಹಳೆಯ ಬ್ರೋಷರ್: 'ಅಮೆರಿಕದ ಖರೀದಿದಾರರನ್ನು ಭೇಟಿಯಾಗಿ'. ನಾವು ಏನು ಮಾರುತ್ತೇವೆ ಅಂತ ಒಮ್ಮೆಯಾದರೂ ಕೇಳಿದ್ದರೆ ಸಾಕಿತ್ತು.

ಇಷ್ಟೆಲ್ಲ ಹೇಳಿದರೂ ಮುಂದಿನ ಮೇಳಕ್ಕೆ ಬುಕ್ ಮಾಡಿದ್ದೇನೆ. ಹುಬ್ಬಳ್ಳಿಯವರಂಥ ಗಿರಾಕಿ ತೀರ್ಥಹಳ್ಳಿಗೆ ತಾವಾಗಿ ಬರುವುದಿಲ್ಲವಲ್ಲ. ಈ ಸಲ ಸಹಿಯ ಕೆಳಗೆ ಪೆನ್ನಿನಲ್ಲಿ 'ಕಂಬ ಬೇಡ' ಅಂತ ಬರೆದು, ಫೋಟೊ ತೆಗೆದಿಟ್ಟುಕೊಂಡಿದ್ದೇನೆ.